ಕೇಂದ್ರಾಡಳಿತ ಪ್ರದೇಶಗಳಿಗೂ ಮತವಿದೆಯೇ? ಸರ್ಕಾರ–ಸರ್ಕಾರಗಳ ನಡುವಿನ ಸಭೆಗಳ ಬಗ್ಗೆ ತುಂಗಭದ್ರಾ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ದಿಲ್ಲಿ, ಪುದುಚೇರಿಯ ವಿಷಯ ಕಟ್ಟಿಕೊಂಡು ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಏನಾಗಬೇಕು?

ನಮ್ಮ ಭಾಗದ ಬದುಕು ನಿಂತಿರುವುದು ಕಾಲುವೆ ನೀರು ಮತ್ತು ವ್ಯಾಪಾರದ ಮೇಲೆ. ಎರಡರ ತೀರ್ಮಾನವೂ ಬೆಂಗಳೂರಿನಲ್ಲಿ ಮುಗಿಯುವುದಿಲ್ಲ. ಎಡದಂಡೆ ಕಾಲುವೆಗೆ ಈ ವರ್ಷ ಎಷ್ಟು ನೀರು ಎಂಬುದಕ್ಕೆ ಮೂರು ರಾಜ್ಯ ಮತ್ತು ಕೇಂದ್ರ ಸೇರಿ ಕೂರುವ ತುಂಗಭದ್ರಾ ಮಂಡಳಿಯ ಲೆಕ್ಕವೇ ಆಧಾರ. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಚೀಲಕ್ಕೆ, ಬಳ್ಳಾರಿಯ ಜೀನ್ಸ್‌ಗೆ ಎಷ್ಟು ತೆರಿಗೆ ಎಂಬುದನ್ನು ಜಿಎಸ್‌ಟಿ ಮಂಡಳಿ ಹೇಳುತ್ತದೆ. ಅಲ್ಲಿ ಕರ್ನಾಟಕದ ಮತಕ್ಕೆ ಎಷ್ಟು ತೂಕವೋ ಪುದುಚೇರಿಯ ಮತಕ್ಕೂ ಅಷ್ಟೇ ತೂಕ. ಇಂಥ ಸಭೆಗಳಲ್ಲಿ ಯಾರಿಗೆ ಸ್ಥಾನ, ಯಾರಿಗೆ ಬರೀ ಆಹ್ವಾನ, ಯಾರಿಗೆ ಅದೂ ಇಲ್ಲ ಎಂಬುದು ಗೊತ್ತಿದ್ದರೆ ನಮ್ಮ ಅರ್ಜಿ ಯಾವ ಬಾಗಿಲಿಗೆ ಹೋಗಬೇಕು ಎಂಬುದೂ ಗೊತ್ತಾಗುತ್ತದೆ.

ರಾಜ್ಯಕ್ಕೂ ಕೇಂದ್ರಾಡಳಿತ ಪ್ರದೇಶಕ್ಕೂ ಮೂಲ ವ್ಯತ್ಯಾಸವೇನು?

ರಾಜ್ಯದ ಅಧಿಕಾರ ಸಂವಿಧಾನದಿಂದಲೇ ಬಂದದ್ದು. ಕೇಂದ್ರಾಡಳಿತ ಪ್ರದೇಶವನ್ನು 239ನೇ ವಿಧಿಯ ಪ್ರಕಾರ ರಾಷ್ಟ್ರಪತಿ ತಮ್ಮ ಆಡಳಿತಾಧಿಕಾರಿಯ ಮೂಲಕ ನಡೆಸುತ್ತಾರೆ. ಈಗ ದೇಶದಲ್ಲಿ 28 ರಾಜ್ಯಗಳು, 8 ಕೇಂದ್ರಾಡಳಿತ ಪ್ರದೇಶಗಳಿವೆ. ಈ ಎಂಟರಲ್ಲಿ ದಿಲ್ಲಿ, ಪುದುಚೇರಿ, ಜಮ್ಮು ಮತ್ತು ಕಾಶ್ಮೀರಕ್ಕೆ ವಿಧಾನಸಭೆ ಇದೆ. ಲಡಾಖ್, ಚಂಡೀಗಢ, ಅಂಡಮಾನ್ ಮತ್ತು ನಿಕೋಬಾರ್, ಲಕ್ಷದ್ವೀಪ, ದಾದ್ರಾ–ನಗರ್ ಹವೇಲಿ ಮತ್ತು ದಮನ್–ದಿಯುಗಳಿಗೆ ಇಲ್ಲ.

ಕಾನೂನಿನಲ್ಲಿ ಒಂದು ಸೂಕ್ಷ್ಮ ಇದೆ, ಮುಂದಿನ ಅನೇಕ ಗೊಂದಲಗಳಿಗೆ ಅದೇ ಬೇರು. ಕೇಂದ್ರದ ಸಾಮಾನ್ಯ ಪರಿಭಾಷಾ ಕಾಯ್ದೆಯ ಪ್ರಕಾರ ಕಾಯ್ದೆಗಳಲ್ಲಿ ‘ರಾಜ್ಯ’ ಎಂದಲ್ಲಿ ಕೇಂದ್ರಾಡಳಿತ ಪ್ರದೇಶವೂ ಸೇರುತ್ತದೆ. ಆದರೆ ಅಲ್ಲಿನ ‘ರಾಜ್ಯ ಸರ್ಕಾರ’ ಎಂದರೆ ಕೇಂದ್ರ ಸರ್ಕಾರ. ಹಾಗಾಗಿ ‘ರಾಜ್ಯ ಸರ್ಕಾರದ ಪ್ರತಿನಿಧಿ’ ಎಂದಷ್ಟೇ ಬರೆದ ಸಮಿತಿಯಲ್ಲಿ, ಬೇರೆ ವ್ಯಾಖ್ಯೆ ಕೊಡದಿದ್ದರೆ, ಆ ಪ್ರದೇಶದ ಪರವಾಗಿ ಕೇಂದ್ರವೇ ಕೂರಬಹುದು. ಅಲ್ಲಿ ಜನ ಆರಿಸಿದ ಸರ್ಕಾರ ಇದ್ದರೂ ಅದರ ಮಾತು ಆ ಸಭೆಗೆ ಮುಟ್ಟದೆ ಹೋಗಬಹುದು.

ಒಂದು ಸಭೆಯಲ್ಲಿ ಯಾರಿಗಾದರೂ ನಿಜವಾದ ಸ್ಥಾನ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಫೋಟೊದಲ್ಲಿ ಯಾರು ನಿಂತಿದ್ದಾರೆ ಎಂದು ನೋಡಿದರೆ ತಿಳಿಯುವುದಿಲ್ಲ. ಊಟಕ್ಕೆ ಪಂಕ್ತಿಯಲ್ಲಿ ಕೂತ ನೆಂಟನಿಗೂ ಪಹಣಿಯಲ್ಲಿ ಹೆಸರಿರುವ ತಮ್ಮನಿಗೂ ಇರುವಷ್ಟೇ ವ್ಯತ್ಯಾಸ ಇಲ್ಲಿಯೂ ಇದೆ. ಸಭೆಯನ್ನು ರಚಿಸಿದ ಕಾಯ್ದೆ ಅಥವಾ ಆದೇಶವನ್ನು ತೆರೆದು ಮೊದಲು ಸದಸ್ಯರ ಪಟ್ಟಿಯಲ್ಲಿ ಹೆಸರಿದೆಯೇ ನೋಡಬೇಕು; ‘ವಿಶೇಷ ಆಹ್ವಾನಿತರು’ ಎಂದಿದ್ದರೆ ಅದು ಬೇರೆ ದರ್ಜೆ. ಆಮೇಲೆ ಮತವಿದೆಯೇ, ಇದ್ದರೆ ಎಷ್ಟು ತೂಕ ಎಂಬುದು. ಕಾರ್ಯಸೂಚಿಗೆ ವಿಷಯ ಸೇರಿಸುವ ಹಕ್ಕು, ಟಿಪ್ಪಣಿಗಳನ್ನು ಮುಂಚಿತವಾಗಿ ಪಡೆಯುವ ಹಕ್ಕು ಇದೆಯೇ ಎಂಬುದನ್ನು ಬಹಳ ಜನ ಮರೆಯುತ್ತಾರೆ. ನಮ್ಮ ದೃಷ್ಟಿಯಲ್ಲಿ ಮತದಷ್ಟೇ ಮುಖ್ಯ ಇದು. ಹಿಂದಿನ ರಾತ್ರಿ ಕಡತ ಕೈಗೆ ಬಂದ ಸಣ್ಣ ಸರ್ಕಾರ ಬೆಳಿಗ್ಗೆ ಸಭೆಯಲ್ಲಿ ತಲೆಯಾಡಿಸುವುದು ಬಿಟ್ಟು ಬೇರೇನೂ ಮಾಡಲಾರದು. ಕೊನೆಗೆ, ಆ ಸ್ಥಾನದಲ್ಲಿ ಕೂರುವವರು ಚುನಾಯಿತರೋ ನೇಮಕಗೊಂಡವರೋ ಎಂಬುದನ್ನೂ ನೋಡಬೇಕು.

ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರಾಡಳಿತ ಪ್ರದೇಶಗಳ ಸ್ಥಾನವೇನು?

ಈ ಸಭೆಗಳ ಪೈಕಿ ಕೇಂದ್ರಾಡಳಿತ ಪ್ರದೇಶಗಳನ್ನು ಅತ್ಯಂತ ಗಟ್ಟಿಯಾಗಿ ಒಳಗೊಂಡಿರುವುದು ಇದೇ. 2016ರ 101ನೇ ತಿದ್ದುಪಡಿ ಈ ಮಂಡಳಿಗೆ ಆಧಾರವಾದ 279ಎ ವಿಧಿಯನ್ನು ಸಂವಿಧಾನಕ್ಕೆ ತಂದಿತು. ಅದರ ಜೊತೆಗೇ 366ನೇ ವಿಧಿಗೆ (26ಬಿ) ಎಂಬ ಉಪಖಂಡ ಸೇರಿಸಿ, ಜಿಎಸ್‌ಟಿಗೆ ಸಂಬಂಧಿಸಿದ ವಿಧಿಗಳಲ್ಲಿ ‘ರಾಜ್ಯ’ ಎಂದರೆ ವಿಧಾನಸಭೆಯುಳ್ಳ ಕೇಂದ್ರಾಡಳಿತ ಪ್ರದೇಶವೂ ಸೇರುತ್ತದೆ ಎಂದು ಸ್ಪಷ್ಟವಾಗಿ ಬರೆದರು. ಆ ಒಂದು ಸಾಲಿನಿಂದ ದಿಲ್ಲಿ, ಪುದುಚೇರಿ, ಜಮ್ಮು ಮತ್ತು ಕಾಶ್ಮೀರ ಪೂರ್ಣ ಸದಸ್ಯರು. ಅವರನ್ನು ಕರೆಯುವುದೋ ಬಿಡುವುದೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಮತದ ಲೆಕ್ಕ ಹೀಗಿದೆ. ಕೇಂದ್ರದ ಮತಕ್ಕೆ ಒಟ್ಟು ತೂಕದ ಮೂರನೇ ಒಂದು ಭಾಗ, ಉಳಿದ ಎಲ್ಲ ಸರ್ಕಾರಗಳಿಗೆ ಸೇರಿ ಮೂರನೇ ಎರಡು ಭಾಗ. 28 ರಾಜ್ಯ ಮತ್ತು 3 ಕೇಂದ್ರಾಡಳಿತ ಪ್ರದೇಶ ಸೇರಿದರೆ 31. ಎಲ್ಲರೂ ಹಾಜರಿದ್ದು ಮತ ಹಾಕಿದರೆ ಒಬ್ಬೊಬ್ಬರಿಗೆ 66.67 ಭಾಗಿಸು 31, ಅಂದರೆ ಸುಮಾರು ಶೇ 2.15. ತೀರ್ಮಾನಕ್ಕೆ ಕನಿಷ್ಠ ನಾಲ್ಕನೇ ಮೂರು ಭಾಗ ಬೇಕು. ಕೇಂದ್ರದ 33.33 ಜೊತೆಗೆ 19 ಸರ್ಕಾರಗಳು ಸೇರಿದರೆ 74.19 ಆಗುತ್ತದೆ, ಸಾಲದು. 20 ಸೇರಿದರೆ 76.34, ಸಾಕು. ಹಾಗಾಗಿ 12 ಸರ್ಕಾರಗಳು ಒಟ್ಟಾಗಿ ನಿಂತರೆ ಯಾವ ಪ್ರಸ್ತಾವವನ್ನೂ ತಡೆಯಬಹುದು. ಕೇಂದ್ರಕ್ಕೆ ಒಂಟಿಯಾಗಿಯೇ ತಡೆಯುವ ಶಕ್ತಿ ಇದೆ. ಗೈರುಹಾಜರಾದವರನ್ನು ಬಿಟ್ಟು ತೂಕ ಹಂಚುವುದರಿಂದ ಕಡಿಮೆ ಜನ ಬಂದ ದಿನ ಒಬ್ಬೊಬ್ಬರ ತೂಕ ಏರುತ್ತದೆ. ಸಭೆ ನಡೆಯಲು ಒಟ್ಟು ಸದಸ್ಯರಲ್ಲಿ ಅರ್ಧದಷ್ಟು (ಕೋರಂ) ಹಾಜರಿರಬೇಕು.

ವಾಸ್ತವದಲ್ಲಿ ಮತಕ್ಕೆ ಹಾಕುವುದು ಅಪರೂಪ. ಮೊದಲ ಬಾರಿಗೆ ಮತದಾನ ನಡೆದದ್ದು 2019ರ ಡಿಸೆಂಬರ್‌ನ 38ನೇ ಸಭೆಯಲ್ಲಿ, ಲಾಟರಿ ತೆರಿಗೆಯ ವಿಷಯಕ್ಕೆ. ಉಳಿದಂತೆ ಒಮ್ಮತದ ದಾರಿ. ಹಾಗೆಂದು ಮತಕ್ಕೆ ಬೆಲೆಯಿಲ್ಲ ಎನ್ನುವ ಹಾಗಿಲ್ಲ. ಎದುರಿನವರ ಕೈಯಲ್ಲಿ ಮತವಿದೆ ಎಂಬುದು ಗೊತ್ತಿದ್ದಾಗಲೇ ಒಮ್ಮತಕ್ಕೆ ತಾಳ್ಮೆ ಬರುತ್ತದೆ.

ವಿಧಾನಸಭೆ ಇಲ್ಲದ ಐದು ಪ್ರದೇಶಗಳಿಗೆ ಇಲ್ಲಿ ಸ್ಥಾನವಿಲ್ಲ. ಅಲ್ಲಿನ ತೆರಿಗೆಗೆ ಕೇಂದ್ರದ ಪ್ರತ್ಯೇಕ ಕಾಯ್ದೆ ಇದೆ. 2022ರ ಜೂನ್ ಕೊನೆಯಲ್ಲಿ 47ನೇ ಸಭೆ ನಡೆದದ್ದು ಚಂಡೀಗಢದಲ್ಲಿ. ಸಭೆ ನಡೆದ ಊರಿನ ಪರವಾಗಿ ಮಾತಾಡುವ ಸದಸ್ಯ ಮಾತ್ರ ಅಲ್ಲಿರಲಿಲ್ಲ.

ಪುದುಚೇರಿಗೂ ಉತ್ತರಪ್ರದೇಶಕ್ಕೂ ಒಂದೇ ತೂಕ ಎಂದರೆ ನ್ಯಾಯವೇ?

ಜನಸಂಖ್ಯೆಯ ಪ್ರಕಾರ ತೂಕ ಹಂಚಿದರೆ ದೊಡ್ಡ ನಾಲ್ಕೈದು ರಾಜ್ಯಗಳೇ ಎಲ್ಲವನ್ನೂ ನಿರ್ಧರಿಸುತ್ತವೆ; ಉಳಿದವರು ಒಕ್ಕೂಟದಲ್ಲಿ ಇದ್ದೂ ಇಲ್ಲದಂತೆ. ಲೋಕಸಭೆಯಲ್ಲಿ ಜನಸಂಖ್ಯೆಗೆ ಬೆಲೆ ಈಗಾಗಲೇ ಸಿಕ್ಕಿದೆ. ಸರ್ಕಾರಗಳು ಸರ್ಕಾರಗಳಾಗಿ ಕೂರುವ ಸಭೆಯಲ್ಲಿ ಸಮಾನ ತೂಕ ಸರಿ ಎಂಬುದು ನಮ್ಮ ನಿಲುವು. ಹೆಚ್ಚು ತೆರಿಗೆ ಕಟ್ಟುವ ಕರ್ನಾಟಕದಂಥ ರಾಜ್ಯಕ್ಕೆ ಇದರಲ್ಲಿ ನಷ್ಟವಿದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ಪರಿಹಾರವನ್ನು ಹುಡುಕಬೇಕಾದದ್ದು ತೆರಿಗೆ ಹಂಚಿಕೆಯಲ್ಲಿ.

ಗಂಗಾವತಿಯ ರೈಸ್ ಮಿಲ್ ಅಥವಾ ಬಳ್ಳಾರಿಯ ಜೀನ್ಸ್ ಘಟಕದವರ ತೊಂದರೆ ಜಿಎಸ್‌ಟಿ ಮಂಡಳಿಯವರೆಗೆ ಹೋಗುವ ದಾರಿ ಯಾವುದು?

ದಾರಿ ಇದೆ, ಹಂತ ತಪ್ಪಬಾರದು ಅಷ್ಟೇ. ವ್ಯಾಪಾರಿ ಸಂಘ ಅಥವಾ ಜಿಲ್ಲಾ ವಾಣಿಜ್ಯೋದ್ಯಮ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಮನವಿ ಸಿದ್ಧವಾಗಬೇಕು. ಅದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಮತ್ತು ಮಂಡಳಿಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ ಸಚಿವರ ಕಚೇರಿಗೆ ಹೋಗಬೇಕು. ಇಲಾಖೆ ಒಪ್ಪಿದರೆ ವಿಷಯ ಫಿಟ್‌ಮೆಂಟ್ ಸಮಿತಿಗೆ ಹೋಗುತ್ತದೆ. ದರದ ಬಗ್ಗೆ ಕೇಂದ್ರ ಮತ್ತು ರಾಜ್ಯಗಳ ತೆರಿಗೆ ಅಧಿಕಾರಿಗಳು ಕೂತು ಪರಿಶೀಲಿಸುವ ಸಮಿತಿ ಅದು. ಬಹುತೇಕ ಮನವಿಗಳ ಹಣೆಬರಹ ಅಲ್ಲೇ ನಿರ್ಧಾರವಾಗುತ್ತದೆ. ದೊಡ್ಡ ವಿಷಯವಾದರೆ ಸಚಿವರ ಗುಂಪಿಗೆ, ಆಮೇಲೆ ಮಂಡಳಿಗೆ. ಮಂಡಳಿ ಶಿಫಾರಸು ಮಾಡಿದ ಮೇಲೂ ದರ ತಾನಾಗಿ ಬದಲಾಗುವುದಿಲ್ಲ. ಕೇಂದ್ರ ತನ್ನ ಅಧಿಸೂಚನೆ, ರಾಜ್ಯ ತನ್ನ ಅಧಿಸೂಚನೆ ಹೊರಡಿಸಬೇಕು; ಅದರಲ್ಲಿ ಹೇಳಿದ ದಿನದಿಂದಲೇ ಜಾರಿ. ಟಿವಿಯಲ್ಲಿ ಸುದ್ದಿ ನೋಡಿ ಮರುದಿನವೇ ಬಿಲ್ಲಿನಲ್ಲಿ ದರ ಬದಲಿಸಿದವರು ಆಮೇಲೆ ನೋಟಿಸ್‌ಗೆ ಉತ್ತರ ಕೊಡಬೇಕಾಗುತ್ತದೆ.

ಮನವಿಯಲ್ಲಿ ಇರಲೇಬೇಕಾದವು: ಸರಕನ್ನು ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆ (ಅಕ್ಕಿಗೆ 1006, ಹತ್ತಿ ಜೀನ್ಸ್ ಪ್ಯಾಂಟ್‌ಗೆ ಗಂಡಸರದ್ದು 6203, ಹೆಂಗಸರದ್ದು 6204), ಈಗಿನ ದರ, ಕೇಳುವ ದರ, ಕಚ್ಚಾ ಮಾಲಿನ ಮೇಲೆ ಕಟ್ಟುವ ತೆರಿಗೆ, ಒಂದು ಚೀಲ ಅಥವಾ ಒಂದು ಪೀಸ್‌ನ ಖರ್ಚಿನ ಲೆಕ್ಕ, ಎಷ್ಟು ಘಟಕಗಳಿಗೆ ಅನ್ವಯ. ‘ನಮಗೆ ಕಷ್ಟವಾಗಿದೆ, ತೆರಿಗೆ ತೆಗೆಯಿರಿ’ ಎಂದಷ್ಟೇ ಬರೆದ ಮನವಿಯನ್ನು ಅಧಿಕಾರಿಗಳು ಪಕ್ಕಕ್ಕಿಡುತ್ತಾರೆ. ಸರಕನ್ನು ಪೂರ್ತಿ ವಿನಾಯಿತಿಗೆ ಸೇರಿಸಿ ಎಂದು ಕೇಳುವ ಮುನ್ನವೂ ಯೋಚಿಸಬೇಕು. ವಿನಾಯಿತಿ ಸಿಕ್ಕರೆ ಹೂಡುವಳಿ ತೆರಿಗೆ ಜಮೆ ತಪ್ಪುತ್ತದೆ. ಯಂತ್ರ, ಪ್ಯಾಕಿಂಗ್, ಸಾಗಣೆಯ ಮೇಲೆ ಕಟ್ಟಿದ ತೆರಿಗೆ ಕೈಬಿಟ್ಟು ಹೋಗುತ್ತದೆ. ಶೇ 5ರ ದರವೇ ಎಷ್ಟೋ ಸಲ ವಿನಾಯಿತಿಗಿಂತ ಮೇಲು.

ಮನವಿಗಳಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ಒಂದು ಉದಾಹರಣೆ. ಸಾವಿರ ರೂಪಾಯಿ ಒಳಗಿನ ಸಿದ್ಧ ಉಡುಪಿನ ತೆರಿಗೆ 2022ರ ಜನವರಿ 1ರಿಂದ ಶೇ 5ರಿಂದ 12ಕ್ಕೆ ಏರಬೇಕಿತ್ತು. ಹಿಂದಿನ ದಿನ, ಡಿಸೆಂಬರ್ 31ರಂದು ನಡೆದ 46ನೇ ಸಭೆಯಲ್ಲಿ ರಾಜ್ಯಗಳ ಆಕ್ಷೇಪದಿಂದ ಅದು ನಿಂತಿತು. 2025ರ ಸೆಪ್ಟೆಂಬರ್ 22ರಿಂದ ಪೀಸ್‌ಗೆ 2,500 ರೂಪಾಯಿವರೆಗೆ ಶೇ 5, ಅದಕ್ಕೂ ಮೇಲ್ಪಟ್ಟರೆ ಶೇ 18. ಅಕ್ಕಿಯದ್ದು ಬೇರೆ ಕತೆ. 2022ರ ಜುಲೈ 18ರಿಂದ, ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಚೀಲಕ್ಕೆ ಬ್ರ್ಯಾಂಡ್ ಇರಲಿ ಬಿಡಲಿ ಶೇ 5 ಬಂತು. 26 ಕೆ.ಜಿ. ಚೀಲಗಳು ಮಾರುಕಟ್ಟೆಗೆ ಬಂದದ್ದು ಆ ಗೆರೆಯಿಂದಾಗಿ.

ಮಂಡಳಿಯ ಶಿಫಾರಸಿಗೆ ರಾಜ್ಯ ಬದ್ಧವೇ?

ಕಟ್ಟುನಿಟ್ಟಾಗಿ ಅಲ್ಲ. 2022ರ ಮೇ 19ರಂದು ಮೋಹಿತ್ ಮಿನರಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಶಿಫಾರಸುಗಳಿಗೆ ಮನವೊಲಿಸುವ ಬೆಲೆ ಮಾತ್ರ ಎಂದಿತು. ಆದರೂ ಒಂದು ರಾಜ್ಯ ಬೇರೆ ದಾರಿ ಹಿಡಿದರೆ ಗಡಿಯಾಚೆಗಿನ ಜಮೆ ಲೆಕ್ಕವೆಲ್ಲ ಕಲಸಿಹೋಗುವುದರಿಂದ ಎಲ್ಲರೂ ಶಿಫಾರಸನ್ನೇ ಪಾಲಿಸುತ್ತಾರೆ.

ಅಂತರರಾಜ್ಯ ಪರಿಷತ್ತಿನಲ್ಲಿ ಯಾರ‍್ಯಾರು ಇದ್ದಾರೆ?

ಕೇಂದ್ರ ಮತ್ತು ರಾಜ್ಯಗಳು ಕೂತು ಚರ್ಚಿಸುವ ಪರಿಷತ್ತು ಇದು. 263ನೇ ವಿಧಿಯ ಅಡಿ, ಕೇಂದ್ರ–ರಾಜ್ಯ ಸಂಬಂಧ ಪರಿಶೀಲಿಸಿದ ಸರ್ಕಾರಿಯಾ ಆಯೋಗದ ಶಿಫಾರಸಿನಂತೆ 1990ರ ಮೇ 28ರ ರಾಷ್ಟ್ರಪತಿ ಆದೇಶದಿಂದ ಇದು ಹುಟ್ಟಿತು. ಪ್ರಧಾನಿ ಅಧ್ಯಕ್ಷರು. ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳು, ವಿಧಾನಸಭೆಯುಳ್ಳ ಕೇಂದ್ರಾಡಳಿತ ಪ್ರದೇಶಗಳ ಮುಖ್ಯಮಂತ್ರಿಗಳು, ವಿಧಾನಸಭೆ ಇಲ್ಲದ ಕಡೆಯ ಆಡಳಿತಾಧಿಕಾರಿಗಳು, ಪ್ರಧಾನಿ ಹೆಸರಿಸುವ ಆರು ಸಂಪುಟ ದರ್ಜೆ ಸಚಿವರು ಸದಸ್ಯರು. ಅಂದರೆ ಎಂಟೂ ಪ್ರದೇಶಗಳು ಒಳಗಿವೆ. ಸದಸ್ಯತ್ವದ ವಿಷಯದಲ್ಲಿ ಜಿಎಸ್‌ಟಿ ಮಂಡಳಿಗಿಂತಲೂ ಇದು ಉದಾರ.

ಕೊರತೆ ಬೇರೆ ಕಡೆ ಇದೆ. ಇಲ್ಲಿ ಮತದಾನವಿಲ್ಲ, ಒಮ್ಮತ ಮೂಡಿದೆಯೇ ಇಲ್ಲವೇ ಎಂಬುದನ್ನು ಅಧ್ಯಕ್ಷರೇ ಹೇಳುತ್ತಾರೆ, ಅದೇ ಅಂತಿಮ. ವರ್ಷಕ್ಕೆ ಮೂರು ಸಭೆ ನಡೆಯಬೇಕೆಂಬ ಆಶಯ ಆದೇಶದಲ್ಲೇ ಇದೆ. ಮೊದಲ ಸಭೆ 1990ರ ಅಕ್ಟೋಬರ್‌ನಲ್ಲಿ, ಹತ್ತನೆಯದು 2006ರ ಡಿಸೆಂಬರ್‌ನಲ್ಲಿ, ಹನ್ನೊಂದನೆಯದು 2016ರ ಜುಲೈ 16ರಂದು ನಡೆಯಿತು. ಸಣ್ಣ ಸರ್ಕಾರಗಳಿಗೆ ಇದರಿಂದ ಆಗುವ ನಷ್ಟ ದೊಡ್ಡದು. ಸಂಸತ್ತಿನಲ್ಲಿ ಇಪ್ಪತ್ತೆಂಟು ಲೋಕಸಭಾ ಸದಸ್ಯರಿರುವ ಕರ್ನಾಟಕಕ್ಕೆ ದಿಲ್ಲಿಯಲ್ಲಿ ಮಾತಾಡಲು ಬೇರೆ ದಾರಿಗಳಿವೆ. ಒಬ್ಬರೇ ಸದಸ್ಯರಿರುವ ಲಕ್ಷದ್ವೀಪಕ್ಕೆ ಇಂಥ ಸಭೆಯೇ ದಾರಿ.

ದಕ್ಷಿಣ ವಲಯ ಪರಿಷತ್ತಿನಲ್ಲಿ?

1956ರ ರಾಜ್ಯ ಪುನರ್‌ವಿಂಗಡಣೆ ಕಾಯ್ದೆಯ ಕೂಸು ಇದು. ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು, ಕೊಪ್ಪಳವನ್ನು ಮೈಸೂರಿಗೆ ಸೇರಿಸಿದ್ದೂ ಅದೇ ಕಾಯ್ದೆ. ಕೇಂದ್ರ ಗೃಹ ಸಚಿವರು ಅಧ್ಯಕ್ಷರು. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳದ ಜೊತೆ ಪುದುಚೇರಿಯೂ ಸದಸ್ಯ. ಲಕ್ಷದ್ವೀಪ, ಅಂಡಮಾನ್ ಯಾವ ವಲಯಕ್ಕೂ ಸೇರಿಲ್ಲ, ಇಲ್ಲಿ ವಿಶೇಷ ಆಹ್ವಾನಿತರು. ಗಡಿ, ಸಾರಿಗೆ, ಭಾಷಾ ಅಲ್ಪಸಂಖ್ಯಾತರ ವಿಷಯ ಇಲ್ಲಿ ಚರ್ಚೆಯಾಗುತ್ತದೆ. ಕೊಡುವುದು ಸಲಹೆ ಮಾತ್ರ.

ಹಣಕಾಸು ಆಯೋಗದ ಪಾಲು ಕೇಂದ್ರಾಡಳಿತ ಪ್ರದೇಶಗಳಿಗೆ ಸಿಗುತ್ತದೆಯೇ?

ಇಲ್ಲ. ಜಿಎಸ್‌ಟಿಗಾಗಿ ಬರೆದ ವ್ಯಾಖ್ಯೆ ಇಲ್ಲಿಗೆ ಅನ್ವಯಿಸುವುದಿಲ್ಲ. ಈ ಆಯೋಗ ಶಿಫಾರಸು ಮಾಡುವ ಕೇಂದ್ರ ತೆರಿಗೆಯ ಪಾಲು, ಅಂದರೆ 270 ಮತ್ತು 280ನೇ ವಿಧಿಗಳ ಹಂಚಿಕೆ, ರಾಜ್ಯಗಳಿಗಷ್ಟೇ. ಒಂದೇ ದಿಲ್ಲಿ ಸರ್ಕಾರ ಒಂದು ವಿಧಿಯಲ್ಲಿ ರಾಜ್ಯ, ಇನ್ನೊಂದರಲ್ಲಿ ಅಲ್ಲ. ಕೇಂದ್ರ ತೆರಿಗೆಯ ಬದಲಿಗೆ ದಿಲ್ಲಿಗೆ ಸಿಗುತ್ತಿದ್ದ ಅನುದಾನ 2001–02ರಿಂದ ಬಹಳ ವರ್ಷ 325 ಕೋಟಿ ರೂಪಾಯಿಯಲ್ಲೇ ನಿಂತಿತ್ತು. ಜಮ್ಮು ಮತ್ತು ಕಾಶ್ಮೀರ 2019ರ ಅಕ್ಟೋಬರ್ 31ರಂದು ರಾಜ್ಯದ ಪಟ್ಟಿಯಿಂದ ಹೊರಬಂದ ಕಾರಣಕ್ಕೇ 15ನೇ ಆಯೋಗ ರಾಜ್ಯಗಳ ಒಟ್ಟು ಪಾಲನ್ನು ಶೇ 42ರಿಂದ 41ಕ್ಕೆ ಇಳಿಸಿತು.

ನದಿ ನೀರಿನ ಸಭೆಗಳಲ್ಲಿ ಕೇಂದ್ರಾಡಳಿತ ಪ್ರದೇಶಗಳಿಗೆ ಜಾಗವಿದೆಯೇ?

ಎರಡು ಒಳ್ಳೆಯ ಉದಾಹರಣೆಗಳಿವೆ. ಕಾವೇರಿಯಲ್ಲಿ ಕಾರೈಕಾಲ್ ಪ್ರದೇಶಕ್ಕಾಗಿ ಪುದುಚೇರಿಗೆ 7 ಟಿಎಂಸಿ ಇದೆ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25, ಕೇರಳಕ್ಕೆ 30 ಟಿಎಂಸಿ ಆದಾಗ ಪುದುಚೇರಿಯ ಪಾಲು ಹಾಗೆಯೇ ಉಳಿಯಿತು. ಅದೇ ವರ್ಷ ಜೂನ್‌ನಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದಲ್ಲಿ ನಾಲ್ಕೂ ಸರ್ಕಾರಗಳಿಂದ ಒಬ್ಬೊಬ್ಬ ಅಧಿಕಾರಿ ಸದಸ್ಯ. ನೀರಿನ ಪಾಲು ಸಣ್ಣದು, ಸ್ಥಾನ ಸಣ್ಣದಲ್ಲ.

ಎರಡನೆಯದು ಯಮುನೆ. 1994ರ ಮೇ 12ರಂದು ಉತ್ತರಪ್ರದೇಶ, ಹರಿಯಾಣ, ರಾಜಸ್ಥಾನ, ಹಿಮಾಚಲದ ಜೊತೆ ದಿಲ್ಲಿಯೂ ಒಪ್ಪಂದಕ್ಕೆ ಸಹಿ ಹಾಕಿತು. ಅದರಿಂದ ಮೇಲ್ ಯಮುನಾ ನದಿ ಮಂಡಳಿ ಬಂತು. ಕಾವೇರಿಯದ್ದು ನ್ಯಾಯಮಂಡಳಿಯ ದಾರಿ, ಯಮುನೆಯದ್ದು ಒಪ್ಪಂದದ ದಾರಿ. ಎರಡರಲ್ಲೂ ಹೆಸರು ಕಾಗದದಲ್ಲಿದೆ.

ತುಂಗಭದ್ರಾ ಮಂಡಳಿ ಹೇಗೆ ಬಂತು, ಅದರಲ್ಲಿ ಯಾರಿದ್ದಾರೆ?

ಅಣೆಕಟ್ಟೆಯೇ ಎರಡು ಸರ್ಕಾರಗಳ ಕೂಸು. 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿದ್ದಾಗ ಎಡದಂಡೆ ನಿಜಾಮರ ಹೈದರಾಬಾದ್, ಬಲದಂಡೆ ಮದ್ರಾಸ್ ಪ್ರಾಂತ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಉಳಿದ ತಾಲ್ಲೂಕುಗಳು ಮೈಸೂರಿಗೆ. ನೀರು ಒಂದೇ, ಸರ್ಕಾರ ಹಲವು ಎಂದಾದ ಮೇಲೆ ಆಂಧ್ರ ರಾಜ್ಯ ಕಾಯ್ದೆಯ 66ನೇ ಕಲಂ ಅಡಿ ಮಂಡಳಿ ರಚಿಸಿದರು. ಕಚೇರಿ ಹೊಸಪೇಟೆಯ ಟಿ.ಬಿ. ಡ್ಯಾಂನಲ್ಲಿದೆ. ಅಧ್ಯಕ್ಷರನ್ನು ಕೇಂದ್ರ ನೇಮಿಸುತ್ತದೆ. ಕೇಂದ್ರ, ಕರ್ನಾಟಕ, ಆಂಧ್ರ, ತೆಲಂಗಾಣದಿಂದ ಒಬ್ಬೊಬ್ಬ ಸದಸ್ಯರು. 2014ರಲ್ಲಿ ತೆಲಂಗಾಣ ಹೊಸ ರಾಜ್ಯವಾದಾಗ ಅದಕ್ಕೆ ಸ್ಥಾನ ಸಿಕ್ಕಿತು. ರಾಯಚೂರು ಜಿಲ್ಲೆಯ ರಾಜೋಳಿಬಂಡಾ ತಿರುವು ಯೋಜನೆಯಿಂದ ಗದ್ವಾಲ ಕಡೆಗೆ ಹೋಗುವ ನೀರಿನಲ್ಲಿ ಅದರ ಪಾಲಿದೆ. ಹೊಸ ಸರ್ಕಾರ ಬಂದಾಗ ಹಳೆಯ ಮಂಡಳಿ ಜಾಗ ಮಾಡಿಕೊಡುವುದು ಹೇಗೆ ಎಂಬುದಕ್ಕೆ ದೂರದ ಉದಾಹರಣೆ ಬೇಡ, ಇದೇ ಸಾಕು.

ಪಾಲಿನ ಲೆಕ್ಕ ಏನು? ನೀರು ಕಡಿಮೆಯಾದ ವರ್ಷ ಏನಾಗುತ್ತದೆ?

ಕೃಷ್ಣಾ ಕೊಳ್ಳದ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ ಲೆಕ್ಕದಂತೆ ಬಳಕೆಗೆ 212 ಟಿಎಂಸಿ, ಆವಿಗೆ 18, ಒಟ್ಟು 230. ಬಳಕೆಯಲ್ಲಿ ಕರ್ನಾಟಕಕ್ಕೆ 138.99, ಆಗಿನ ಆಂಧ್ರಕ್ಕೆ 73.01. ಆಂಧ್ರದ್ದರಲ್ಲಿ ಮೇಲ್ಮಟ್ಟದ ಕಾಲುವೆಗೆ 32.5, ಕೆಳಮಟ್ಟದ ಕಾಲುವೆಗೆ 24, ಕೆ.ಸಿ. (ಕರ್ನೂಲು–ಕಡಪ) ಕಾಲುವೆಗೆ 10, ರಾಜೋಳಿಬಂಡಾಕ್ಕೆ 6.51, ಈ ಕೊನೆಯದು ಈಗ ತೆಲಂಗಾಣದ್ದು.

ನೀರು ಕಡಿಮೆಯಾದರೆ ಇದೇ ಪ್ರಮಾಣದಲ್ಲಿ ಎಲ್ಲರಿಗೂ ಕಡಿತ. ಉದಾಹರಣೆಗೆ, ಬಳಕೆಗೆ 170 ಟಿಎಂಸಿ ಸಿಗಬಹುದು ಎಂದು ಮಂಡಳಿ ಅಂದಾಜಿಸಿದರೆ ಕರ್ನಾಟಕಕ್ಕೆ ಅದರ ಶೇ 65.56, ಅಂದರೆ ಸುಮಾರು 111.45 ಟಿಎಂಸಿ. ಒಳಹರಿವು ಬದಲಾದಂತೆ ಅಂದಾಜೂ ಬದಲಾಗುತ್ತದೆ. ಆಗಸ್ಟ್‌ನ ಅಂಕಿಯನ್ನು ನಂಬಿ ಎರಡನೇ ಬೆಳೆಗೆ ಸಸಿಮಡಿ ಹಾಕಿದವರು ಡಿಸೆಂಬರ್‌ನಲ್ಲಿ ಪೇಚಾಡುವುದು ಇದರಿಂದಲೇ. ಹೂಳಿನಿಂದ ಜಲಾಶಯದ ಸಾಮರ್ಥ್ಯ ಮೊದಲಿನ ಸುಮಾರು 133ರಿಂದ 105.788 ಟಿಎಂಸಿಗೆ ಇಳಿದಿರುವುದೂ ನೆನಪಿರಲಿ.

ಲೆಕ್ಕ ಹಾಕುವವರಿಗೆ ಒಂದು ಸೂತ್ರ: 11,574 ಕ್ಯುಸೆಕ್ ನೀರು 24 ಗಂಟೆ ಹರಿದರೆ ಒಂದು ಟಿಎಂಸಿ. ಎಡದಂಡೆಯಲ್ಲಿ 4,000 ಕ್ಯುಸೆಕ್ ಹರಿಯುತ್ತಿದ್ದರೆ ಒಂದು ಟಿಎಂಸಿ ಮುಗಿಯಲು ಮೂರು ದಿನಕ್ಕೆ ಸ್ವಲ್ಪ ಕಡಿಮೆ.

ನೀರು ಬರದಿದ್ದರೆ ಮಂಡಳಿಗೆ ಮುತ್ತಿಗೆ ಹಾಕಬೇಕೋ, ಐಸಿಸಿ ಸಭೆಗೆ ಹೋಗಬೇಕೋ?

ಇಲ್ಲಿ ಗೊಂದಲ ಬಹಳ. ರಾಜ್ಯಕ್ಕೆ ಎಷ್ಟು ಎಂಬುದು ಮಂಡಳಿಯ ಲೆಕ್ಕ. ಕರ್ನಾಟಕದ ಪಾಲು ಎಡದಂಡೆಯಲ್ಲಿ ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಕ್ಯುಸೆಕ್, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್ ಅಂಡ್ ಆಫ್ ಪದ್ಧತಿಯೋ ಅಲ್ಲವೋ ಎಂಬುದು ನೀರಾವರಿ ಸಲಹಾ ಸಮಿತಿಯ, ಅಂದರೆ ಐಸಿಸಿಯ ತೀರ್ಮಾನ. ಅದು ರಾಜ್ಯದ ಸಮಿತಿ. ಎಡದಂಡೆ ಕಾಲುವೆಯ ಆಡಳಿತವೂ ರಾಜ್ಯದ ನೀರಾವರಿ ಇಲಾಖೆಯದ್ದೇ. ಬಲದಂಡೆಯ ಮೇಲ್ಮಟ್ಟದ (ಎಚ್‌ಎಲ್‌ಸಿ), ಕೆಳಮಟ್ಟದ (ಎಲ್‌ಎಲ್‌ಸಿ) ಕಾಲುವೆಗಳು ಎರಡು ರಾಜ್ಯಗಳಿಗೆ ಹರಿಯುವುದರಿಂದ ಅವುಗಳ ನಿರ್ವಹಣೆಯಲ್ಲಿ ಮಂಡಳಿ ಇದೆ. ಹಾಗಾಗಿ ಸಿರುಗುಪ್ಪದ ರೈತ ಮತ್ತು ಮಾನ್ವಿಯ ರೈತ ಒಂದೇ ಜಲಾಶಯದ ನೀರಿಗೆ ಬೇರೆ ಬೇರೆ ಬಾಗಿಲು ತಟ್ಟಬೇಕು.

ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ಮೊದಲು 69 ಮತ್ತು 104ನೇ ಮೈಲಿನ ಗೇಜ್ (ನೀರಿನ ಮಟ್ಟದ ಅಳತೆ) ನೋಡಬೇಕು. ಜಲಾಶಯದಿಂದ ಬಿಟ್ಟದ್ದು ಸರಿಯಾಗಿದ್ದು 69ರಲ್ಲಿ ಗೇಜ್ ಬಿದ್ದಿದ್ದರೆ ನೀರು ಹೋದದ್ದು ಆಂಧ್ರಕ್ಕಲ್ಲ, ಮೇಲ್ಭಾಗದಲ್ಲಿ. ಆಗ ಮಂಡಳಿಯ ಮುಂದೆ ಧರಣಿ ಕೂತು ಪ್ರಯೋಜನವಿಲ್ಲ; ಇಲಾಖೆಯ ಮುಖ್ಯ ಎಂಜಿನಿಯರ್ ಮತ್ತು ಜಿಲ್ಲಾಧಿಕಾರಿ ಅಕ್ರಮ ಪಂಪ್‌ಸೆಟ್ ತೆರವು ಮಾಡಿಸಬೇಕು. ಜಲಾಶಯದಿಂದಲೇ ಕಡಿಮೆ ಬಿಟ್ಟಿದ್ದರೆ ಇಂಡೆಂಟ್, ಅಂದರೆ ನೀರಿನ ಬೇಡಿಕೆ, ಎಷ್ಟು ಕೊಟ್ಟಿದ್ದರು ಎಂದು ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ರಾಜ್ಯದ ಇಲಾಖೆಗೆ ಹಾಕುವ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ಹತ್ತು ವಿಷಯ ತುರುಕಿದರೆ ಆ ಕಾರಣಕ್ಕೇ ತಿರಸ್ಕಾರವಾಗುತ್ತದೆ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ದಿನವಾರು ಇಂಡೆಂಟ್ ಮತ್ತು ಬಿಡುಗಡೆ’ ಎಂದು ಬರೆದರೆ ಉತ್ತರ ತಪ್ಪಿಸಿಕೊಳ್ಳುವುದು ಕಷ್ಟ.

ನವಲಿ ಸಮತೋಲನ ಜಲಾಶಯ ಯಾಕೆ ಮುಂದೆ ಹೋಗುತ್ತಿಲ್ಲ?

ಹೂಳಿನಿಂದ ಕಳೆದುಕೊಂಡ ಸಂಗ್ರಹವನ್ನು ಕೊಪ್ಪಳ ಜಿಲ್ಲೆಯ ನವಲಿ ಬಳಿ ತುಂಬಿಕೊಳ್ಳುವ ಯೋಚನೆ ಇದು. ಜಾಗ ನಮ್ಮದಾದರೂ ನೀರು ಮೂರು ರಾಜ್ಯಗಳ ಹಂಚಿಕೆಗೆ ಒಳಪಟ್ಟದ್ದು. ಆಂಧ್ರ, ತೆಲಂಗಾಣದ ಒಪ್ಪಿಗೆ ಬೇಕು. ಅಲ್ಲಿ ಸಂಗ್ರಹಿಸಿದ ನೀರಿನಲ್ಲಿ ಅವರ ಪಾಲು ಹೇಗೆ ಅಳೆಯುವುದು, ಆವಿಯ ನಷ್ಟ ಯಾರ ಲೆಕ್ಕಕ್ಕೆ, ಖರ್ಚು ಯಾವ ಅನುಪಾತದಲ್ಲಿ ಎಂಬ ಪ್ರಶ್ನೆಗಳಿಗೆ ಅವರು ಒಪ್ಪುವ ಉತ್ತರ ಕಾಗದದಲ್ಲಿ ಬರಬೇಕು. ಬಜೆಟ್‌ನಲ್ಲಿ ಹಣ ಇಟ್ಟ ಮಾತ್ರಕ್ಕೆ ಅಣೆಕಟ್ಟೆ ಏಳುವುದಿಲ್ಲ.

ಕೇಂದ್ರಾಡಳಿತ ಪ್ರದೇಶದ ಪರ ಮುಖ್ಯಮಂತ್ರಿ ಮಾತಾಡಬೇಕೋ, ಲೆಫ್ಟಿನೆಂಟ್ ಗವರ್ನರ್ ಮಾತಾಡಬೇಕೋ?

ವಿಧಾನಸಭೆ ಇರುವ ಕಡೆ, ಆ ವಿಷಯ ಚುನಾಯಿತ ಸರ್ಕಾರದ ವ್ಯಾಪ್ತಿಯಲ್ಲಿದ್ದರೆ ಚುನಾಯಿತರೇ ಮಾತಾಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ದಿಲ್ಲಿಯಲ್ಲಿ ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ, ಭೂಮಿ ಬಿಟ್ಟು ಉಳಿದ ವಿಷಯಗಳಲ್ಲಿ ಚುನಾಯಿತ ಸರ್ಕಾರದ ಮಾತಿಗೆ ಬೆಲೆಯಿದೆ ಎಂದು ಸುಪ್ರೀಂ ಕೋರ್ಟ್ 2018ರ ಜುಲೈ 4ರಂದು ಮತ್ತು 2023ರ ಮೇ 11ರಂದು ಹೇಳಿತು. ಆಮೇಲೆ 2023ರ ತಿದ್ದುಪಡಿ ಕಾಯ್ದೆ ಅಧಿಕಾರಿಗಳ ವರ್ಗಾವಣೆಗೆ ಒಂದು ಪ್ರಾಧಿಕಾರ ಮಾಡಿತು. ಅದರಲ್ಲಿ ಮುಖ್ಯಮಂತ್ರಿ ಅಧ್ಯಕ್ಷರು, ಇಬ್ಬರು ಹಿರಿಯ ಅಧಿಕಾರಿಗಳು ಸದಸ್ಯರು, ಬಹುಮತದ ತೀರ್ಮಾನ, ಕೊನೆಯ ಮಾತು ಲೆಫ್ಟಿನೆಂಟ್ ಗವರ್ನರ್‌ದು. ಜನ ಆರಿಸಿದ ಮುಖ್ಯಮಂತ್ರಿ ತಾವೇ ಅಧ್ಯಕ್ಷರಾಗಿರುವ ಕಡೆ ಎರಡು ಮತಕ್ಕೆ ಒಂದು ಮತದಿಂದ ಸೋಲಬಹುದು. ಸ್ಥಾನ ಕೊಟ್ಟೂ ಅಧಿಕಾರ ಕೊಡದಿರುವುದು ಹೀಗೆ.

ಕಲ್ಯಾಣ ಕರ್ನಾಟಕಕ್ಕೆ 371ಜೆ ಇದೆಯಲ್ಲ, ನಮಗೆ ಯಾಕೆ ಸ್ಥಾನವಿಲ್ಲ? ಕೇಂದ್ರಾಡಳಿತ ಪ್ರದೇಶವಾದರೆ ಸಿಗುತ್ತದೆಯೇ?

ಸಂವಿಧಾನದ 371ಜೆ ವಿಧಿ ರಾಜ್ಯದ ಒಳಗಿನ ವ್ಯವಸ್ಥೆ. 98ನೇ ತಿದ್ದುಪಡಿಯಿಂದ ಬಂದ ಇದು ಪ್ರತ್ಯೇಕ ಅಭಿವೃದ್ಧಿ ಮಂಡಳಿ, ನ್ಯಾಯಯುತ ಅನುದಾನ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುತ್ತದೆ. ಮಂಡಳಿಯ ಕೆಲಸದ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕು. ಅಂತರ-ಸರ್ಕಾರಿ ಸಭೆಗಳಲ್ಲಿ ಪ್ರತ್ಯೇಕ ಸ್ಥಾನ ಕೊಡುವುದಿಲ್ಲ; ಅಲ್ಲಿ ನಮ್ಮ ದನಿ ಕರ್ನಾಟಕದ ದನಿಯ ಒಳಗೇ ಬರಬೇಕು.

ಎರಡನೆಯ ಪ್ರಶ್ನೆಗೆ ಉತ್ತರ: ವಿಧಾನಸಭೆ ಇಲ್ಲದ ಪ್ರದೇಶವಾದರೆ ಇರುವುದೂ ಹೋಗುತ್ತದೆ. ಹಣಕಾಸು ಆಯೋಗದ ಪಾಲಿಲ್ಲ, ಜಿಎಸ್‌ಟಿ ಮತವಿಲ್ಲ. ಗೋವಾ 1987ರ ಮೇ 30ರಂದು ರಾಜ್ಯವಾಯಿತು. ಮಹದಾಯಿ ನದಿ ನೀರಿನ ವಿಷಯದಲ್ಲಿ ಅದು 2002ರಲ್ಲಿ ದೂರು ಕೊಟ್ಟದ್ದು ರಾಜ್ಯ ಸರ್ಕಾರವಾಗಿ. ಹಲವು ಪ್ರದೇಶಗಳು ರಾಜ್ಯವಾಗಬೇಕೆಂದು ಕೇಳುತ್ತಿರುವಾಗ ಹಿಂದಕ್ಕೆ ಹೆಜ್ಜೆ ಇಡುವುದರಲ್ಲಿ ಅರ್ಥವಿಲ್ಲ.

ಮಹಾನಗರ ಪಾಲಿಕೆ, ಜಿಲ್ಲಾ ಪಂಚಾಯಿತಿಗಳಿಗೆ?

ಮೇಲಿನ ಯಾವ ಸಭೆಯಲ್ಲೂ ಇಲ್ಲ. ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನದ ಬಗ್ಗೆ ಶಿಫಾರಸು ಮಾಡುತ್ತದೆ, ಅವುಗಳನ್ನು ಸದಸ್ಯರನ್ನಾಗಿ ಮಾಡುವುದಿಲ್ಲ.

ಬೇರೆ ದೇಶಗಳಲ್ಲಿ ಹೇಗಿದೆ?

ಕೆನಡಾದ ಯೂಕಾನ್, ನಾರ್ತ್‌ವೆಸ್ಟ್ ಟೆರಿಟರೀಸ್, ನುನಾವುಟ್‌ಗಳ ಅಧಿಕಾರ ಅಲ್ಲಿನ ಸಂಸತ್ತಿನ ಕಾಯ್ದೆಯಿಂದ ಬಂದದ್ದು. ಆದರೂ 2003ರಲ್ಲಿ ಪ್ರಾಂತಗಳು ಕಟ್ಟಿಕೊಂಡ ಒಕ್ಕೂಟ ಮಂಡಳಿಯಲ್ಲಿ ಹತ್ತು ಪ್ರಾಂತಗಳ ಜೊತೆ ಈ ಮೂರೂ ಪೂರ್ಣ ಸದಸ್ಯರು. ಸಂವಿಧಾನ ತಿದ್ದುಪಡಿಗೆ ಬೇಕಾದ ಏಳು ಪ್ರಾಂತಗಳ ಲೆಕ್ಕದಲ್ಲಿ ಮಾತ್ರ ಅವು ಸೇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2020ರ ಮಾರ್ಚ್‌ನಲ್ಲಿ ಕೋವಿಡ್ ಹೊತ್ತಿಗೆ ರಚಿಸಿದ ನ್ಯಾಷನಲ್ ಕ್ಯಾಬಿನೆಟ್‌ನಲ್ಲಿ ಎರಡು ಪ್ರದೇಶಗಳ ಮುಖ್ಯಮಂತ್ರಿಗಳು ಮೊದಲ ದಿನದಿಂದಲೇ ಇದ್ದರು. ಅಲ್ಲಿನ ಜನಮತಗಣನೆಯಲ್ಲಿ ಪ್ರದೇಶಗಳ ಮತ ದೇಶದ ಒಟ್ಟು ಲೆಕ್ಕಕ್ಕೆ ಸೇರುತ್ತದೆ, ‘ಬಹುಪಾಲು ರಾಜ್ಯಗಳು’ ಎಂಬ ಲೆಕ್ಕಕ್ಕೆ ಸೇರುವುದಿಲ್ಲ. ಎರಡೂ ಕಡೆ ದಿನನಿತ್ಯದ ಆಡಳಿತದಲ್ಲಿ ಒಳಗೆ ಬಿಟ್ಟು ಸಂವಿಧಾನದ ವಿಷಯದಲ್ಲಿ ಹೊರಗಿಟ್ಟಿದ್ದಾರೆ.

ಈ ಸಭೆಗಳ ಕಾಗದಪತ್ರ ಸಾಮಾನ್ಯರಿಗೆ ಸಿಗುತ್ತವೆಯೇ?

ಜಿಎಸ್‌ಟಿ ಮಂಡಳಿಯ ಕಾರ್ಯಸೂಚಿ ಸಂಪುಟಗಳು, ನಡಾವಳಿಗಳು ಅದರ ಜಾಲತಾಣದಲ್ಲಿವೆ. ಯಾವ ಸರ್ಕಾರ ಏನು ಹೇಳಿತು ಎಂದು ಹೆಸರು ಸಮೇತ ಓದಬಹುದು. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಗೈಡ್ ಬದಿಗಿಟ್ಟು ಇದನ್ನು ಓದಲಿ. ಜಲಾಶಯದ ಮಟ್ಟ, ಒಳಹರಿವು, ಕಾಲುವೆವಾರು ಹೊರಹರಿವನ್ನು ತುಂಗಭದ್ರಾ ಮಂಡಳಿ ದಿನವೂ ಪ್ರಕಟಿಸುತ್ತದೆ. ಐಸಿಸಿ ಸಭೆಯ ನಡಾವಳಿಯನ್ನು ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಕೇಳಿ ಪಡೆಯಬೇಕು. ಸಭೆ ಮುಗಿದ ವಾರದಲ್ಲೇ ಲಿಖಿತವಾಗಿ ಕೇಳಿ, ಸ್ವೀಕೃತಿಗೆ ಮೊಹರು ಹಾಕಿಸಿಕೊಳ್ಳಿ. ನೀರು ನಿಲ್ಲಿಸುವ ದಿನಾಂಕದ ಬಗ್ಗೆ ಜಗಳ ಬಂದಾಗ ಆ ನಡಾವಳಿಯ ಪ್ರತಿ ನಿಮ್ಮ ಕೈಯಲ್ಲಿರಬೇಕು.